ಕಿವಿ ಮುಟ್ಟಿದರೆ ಒಂದನೇ ಇಯತ್ತೆ

ನಾನು ಹುಟ್ಟಿದ ತಾರೀಖು ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಲಕ್ಷ್ಮೇಶ್ವರದ ನಮ್ಮ ಓಣಿಯಲ್ಲಿ ಯಾರ ತಾರೀಖೂ ಯಾರಿಗೂ ಗೊತ್ತಿರಲಿಲ್ಲ ಬಿಡಿ. ಹಾಗಾಗಿ ಜೂನ್ ತಿಂಗಳಲ್ಲಿ ಶಾಲೆಗೆ ಸೇರಲು ಬಂದ ಮಕ್ಕಳನ್ನು ಹೆಡ್ ಮಾಸ್ತರರು ಸಾಲಾಗಿ ನಿಲ್ಲಿಸಿ, ಬಲಗೈಯನ್ನು ನೆತ್ತಿಯ ಮೇಲಿಂದ ತಂದು ಎಡಗಿವಿ ಮುಟ್ಟಲು ಹೇಳುತ್ತಿದ್ದರು. ಮುಟ್ಟಿದರೆ ಆರು ವರ್ಷ ತುಂಬಿತು, ಒಳಗೆ ನಡಿ. ಮುಟ್ಟದಿದ್ದರೆ ಮುಂದಿನ ವರ್ಷ ಬಾ. ಎಪ್ಪತ್ತರ ದಶಕದ ಮೊದಮೊದಲಿನ ಮಾತಿದು.

ನನ್ನ ಬಲಗೈ ಪೋಲಿಯೊದಲ್ಲಿ ಸೋತಿತ್ತು. ನಾನು ಎಡಗೈಯಿಂದ ಬಲಗಿವಿಯನ್ನು ಚಕ್ಕನೆ ಮುಟ್ಟಿ ತೋರಿಸಿದೆ.

“ಬಲಗೈ ಬೇಕವಾ. ನಿಯಮ ಅಂದ್ರ ನಿಯಮ” ಎಂದರು ಮಾಸ್ತರರು.

ನನ್ನ ವಾರಿಗೆಯ ಚಿಗವ್ವನ ಮಗಳು ಕಿವಿ ಮುಟ್ಟಿ ಒಳಗೆ ಹೋದಳು. ನಾನು ಬಾಗಿಲಲ್ಲೇ ಕೂತು ಓಣಿಗೆಲ್ಲ ಕೇಳುವಂತೆ ಅತ್ತೆ. ಆಗ ನನ್ನನ್ನು ಎತ್ತಿಕೊಂಡು ಬಂದವಳು ಆಯಿ, ಅಂದರೆ ನಮ್ಮ ಅಜ್ಜಿ. ಇಡೀ ವರ್ಷ ಔಡಲೆಣ್ಣೆ ಹಚ್ಚಿ ಆ ಕೈಯನ್ನು ತಿಕ್ಕಿದಳು. ಓಣಿಯ ಹೆಂಗಸರಿಗೂ ಅದೇ ಧ್ಯಾನ, ಹೋಗುತ್ತ ಬರುತ್ತ “ಎಲ್ಲಿತನಾ ಬಂತವಾ ಕೈ?” ಎಂದು ಕೇಳುವವರೇ. ಕೈ ಹೇಗೋ ಗಲ್ಲದವರೆಗೆ ಬಂತು, ಅಲ್ಲೇ ಠಿಕಾಣಿ ಹೂಡಿತು. ತಿಕ್ಕಬೇಕಾದದ್ದು ಆ ನಿಯಮವನ್ನು ಎಂದು ನಮ್ಮ ಯಾರ ತಲೆಗೂ ಹೊಳೆಯಲಿಲ್ಲ, ನೋಡಿ!

ಮತ್ತೆ ಜೂನ್ ಬಂತು. ಈ ಸಲ ನಾನು ಎಡಗೈಯಿಂದ ಬಲಗೈಯ ಮಣಿಕಟ್ಟು ಹಿಡಿದು, ಮೇಲೆತ್ತಿ, ನೆತ್ತಿ ದಾಟಿಸಿ ಕಿವಿಯ ಮೇಲೆ ತಂದಿಟ್ಟೆ.

“ಇದು ಲೆಕ್ಕಕ್ಕ ಬರಂಗಿಲ್ಲ” ಎಂದರು ಮಾಸ್ತರರು.

ಆಯಿ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. “ಯಾಕ ಬರಂಗಿಲ್ರಿ? ಕೈ ಅಕೀದು, ಕಿವಿನೂ ಅಕೀದು. ನಡುವ ನಿಮ್ಮ ಗಂಟೇನ್ ಹೋತ್ರಿ ಮಾಸ್ತರ?”

ಮಾಸ್ತರರಿಗೆ ನಗು ತಡೆಯಲಾಗಲಿಲ್ಲ. “ಆತು, ನಡಿಯವಾ ಒಳಗ” ಎಂದರು.

ಹಾಗೆ ಒಂದು ವರ್ಷ ತಡವಾಗಿ ಶಾಲೆಯೊಳಗೆ ಹೋದವಳು ಮತ್ತೆ ಹೊರಗೆ ಬರಲೇ ಇಲ್ಲ. ಎಂಬತ್ತರ ದಶಕದ ಕೊನೆಗೆ ಡಂಬಳದ ಆಚೆಯ ಒಂದು ಸಣ್ಣ ಹಳ್ಳಿಯಲ್ಲಿ ನಾನೇ ಶಿಕ್ಷಕಿ. ಎಡಗೈಯಲ್ಲೇ ಬೋರ್ಡಿನ ಮೇಲೆ ಬರೆಯುತ್ತಿದ್ದೆ. ಊರವರು ಅಕ್ಕಾರ ಎನ್ನುತ್ತಿದ್ದರು. ಅಂಗವಿಕಲ ಮಕ್ಕಳನ್ನೂ ಎಲ್ಲರ ಜೊತೆ ಕೂರಿಸಿ ಕಲಿಸಬೇಕೆಂಬ ಯೋಜನೆಯೊಂದು ದಿಲ್ಲಿಯಲ್ಲಿ ಆಗಲೇ ಇತ್ತಂತೆ. ಮುಂಡರಗಿಯ ಬಸ್ಸು ಅದನ್ನು ನಮ್ಮ ಹಳ್ಳಿಗೆ ತಂದಿರಲಿಲ್ಲ. ಅದು ಆ ಮಕ್ಕಳ ಹಕ್ಕು ಎಂದು ಕಾನೂನು ಹೇಳಿದ್ದಂತೂ ಇನ್ನೂ ಎಷ್ಟೋ ವರ್ಷದ ಮೇಲೆ. ಆದರೆ ಕಿವಿ ಮುಟ್ಟುವ ನಿಯಮ ಮಾತ್ರ ನನಗಿಂತ ಮೊದಲೇ ಅಲ್ಲಿಗೆ ಬಂದು ಕೂತಿತ್ತು!

ಒಂದು ಜೂನಿನಲ್ಲಿ, ಹೊಲಕ್ಕೆ ಹೊರಟ ಹೆಂಗಸೊಬ್ಬಳು ಬುತ್ತಿಯ ಗಂಟಿನ ಸಮೇತ ಮಗಳನ್ನು ಎಳೆದುಕೊಂಡು ಬಂದಳು.

“ಜಲ್ದಿ ನೋಡ್ರಿ ಅಕ್ಕಾರ” ಎಂದು ಮಗಳಿಗೆ ಸನ್ನೆ ಮಾಡಿದಳು. ಹುಡುಗಿ ಬಲಗೈಯನ್ನು ನೆತ್ತಿಯ ಮೇಲಿಂದ ತಂದು ಎಡಗಿವಿಯನ್ನು ಗಟ್ಟಿಯಾಗಿ ಹಿಡಿದು ನಿಂತಳು. ಕಿವಿ ಕೆಂಪಾದರೂ ಬಿಡಲೊಲ್ಲಳು. ಮನೆಯಲ್ಲಿ ಎಷ್ಟು ತಾಲೀಮು ನಡೆದಿತ್ತೋ!

ಹೆಸರೇನು ಎಂದು ನಮ್ಮ ಹೆಡ್ ಮಾಸ್ತರರು ಕೇಳಿದರು. ಹುಡುಗಿ ಸುಮ್ಮನೆ ನಿಂತಿದ್ದಳು. ತಾಯಿ ತಲೆ ತಗ್ಗಿಸಿದಳು.

“ಅಕೀಗೆ ಕಿವಿ ಕೇಳಂಗಿಲ್ರಿ. ಮಾತೂ ಇಲ್ಲ. ಮನ್ಯಾಗ ಬಿಟ್ರ ರಸ್ತಾಕ್ಕ ಓಡತಾಳ, ಹಿಂದ ಬಸ್ ಬಂದ್ರ ಗೊತ್ತಾಗಂಗಿಲ್ಲ. ಅದಕ್ಕ ದಿನಾ ಒಳಗ ಹಾಕಿ ಕೀಲಿ ಹಾಕ್ಕೊಂಡು ಹೊಲಕ್ಕ ಹೋಗತೀನ್ರಿ. ಸಂಜೀತನಾ ಕದಾ ಬಡೀತಾಳಂತ್ರಿ.”

ನಮ್ಮ ಹೆಡ್ ಮಾಸ್ತರರು ಕೆಟ್ಟವರಲ್ಲ, ಅಂಜುಬುರುಕರು. “ಇಂಥಾ ಮಕ್ಕಳಿಗೆ ಬ್ಯಾರೆ ಶಾಲಿ ಇರತಾವವಾ, ಹುಬ್ಬಳ್ಳಿ ಕಡೆ” ಎಂದರು.

“ಹುಬ್ಬಳ್ಳಿ ಯಾವ ಕಡೆ ಐತಿ ನನಗ ಗೊತ್ತಿಲ್ರಿ” ಎಂದಳು ತಾಯಿ.

ನನಗೆ ಮೈಯೆಲ್ಲ ಉರಿಯಿತು. “ಸರ್, ನಿಯಮ ಏನೈತ್ರಿ?” ಎಂದೆ.

“ಬಲಗೈಲೆ ಎಡಗಿವಿ ಮುಟ್ಟಬೇಕು.”

“ಮುಟ್ಟ್ಯಾಳೋ ಇಲ್ಲೋ?”

“ಮುಟ್ಟ್ಯಾಳ, ಖರೆ. ಆದ್ರ...”

“ಆ ಕಿವಿ ಕೇಳಬೇಕಂತ ನಿಯಮದಾಗ ಎಲ್ಲಿ ಐತ್ರಿ ಸರ್? ನಿಯಮ ಅಂದ್ರ ನಿಯಮ.”

ಅವರು ನನ್ನ ಬಲಗೈ ಕಡೆ ನೋಡಿದರು. “ಆತು ಬಿಡ್ರಿ. ನಿಮ್ಮ ಪಾಲಿಗೆ ಬಂದೈತಿ, ನೀವ ಕಲಸ್ರಿ” ಎಂದರು. ತಾಯಿ ನನಗೊಂದು, ಅವರಿಗೊಂದು ನಮಸ್ಕಾರ ಹಾಕಿ, ಸೊಂಟಕ್ಕೆ ಸಿಕ್ಕಿಸಿದ್ದ ಕೀಲಿಕೈಯನ್ನು ತಡವಿಕೊಂಡು ಹೊಲದ ದಾರಿ ಹಿಡಿದಳು.

ಗೆದ್ದೆ ಎಂದು ಬೀಗಿದೆನೇನೋ ಸರಿ, ಕಿವಿ ಕೇಳದ ಮಗುವಿಗೆ ಕಲಿಸುವುದು ಹೇಗೆಂದು ನನಗೆ ಯಾರು ಹೇಳಿಕೊಟ್ಟಿದ್ದರು? ಚಿತ್ರ ಬರೆದೆ, ಬಾಯಿ ಅಗಲಿಸಿದೆ, ಕುಣಿದೆ. ಮಕ್ಕಳಿಗೆ ಪುಕ್ಕಟೆ ಆಟ ಸಿಕ್ಕಂತಾಯಿತು. ಅವಳೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು.

ಆದರೆ ಬೆಳಿಗ್ಗೆ ಮಾತ್ರ ನಗುತ್ತಿರಲಿಲ್ಲ. ಉಳಿದ ಮಕ್ಕಳು ದಡಬಡ ಒಳಗೆ ನುಗ್ಗಿದರೆ, ಅವಳು ಹೊಸ್ತಿಲ ಆಚೆಯೇ ನಿಂತು, ನೆತ್ತಿಯ ಮೇಲಿಂದ ಕೈ ತಂದು ಕಿವಿ ಹಿಡಿದು, ನನ್ನನ್ನೇ ನೋಡುತ್ತಿದ್ದಳು. ನಾನು ಬಾ ಎಂದು ಕೈ ಮಾಡಿದ ಮೇಲೇ ಒಳಗೆ ಕಾಲಿಡುತ್ತಿದ್ದಳು. ಮರುದಿನ ಮತ್ತೆ ಹಾಗೆಯೇ. ಕಿವಿ ಮುಟ್ಟದಿದ್ದರೆ ವಾಪಸ್ ಕೀಲಿ ಹಾಕಿದ ಮನೆಗೆ ಕಳಿಸುತ್ತಾರೆಂದು ತಿಳಿದಿದ್ದಳು. ಅದು ಅರ್ಥವಾದ ದಿನ ನನಗೆ ಊಟ ಸೇರಲಿಲ್ಲ. ಬಾಗಿಲು ತೆರೆದೇ ಇದೆ ಕೂಸೇ ಎಂದು ಅವಳಿಗೆ ಹೇಳುವುದಾದರೂ ಹೇಗೆ?

ಮರುದಿನ ಬೆಳಿಗ್ಗೆ ನಾನೇ ಹೊಸ್ತಿಲ ಆಚೆ ಹೋಗಿ ಅವಳ ಪಕ್ಕ ನಿಂತೆ. ಬಲಗೈಯನ್ನು ಎಡಗೈ ಆಸರೆಯಿಲ್ಲದೆ, ಅವಳು ನೋಡುವಂತೆ, ಆದಷ್ಟು ಮೇಲೆತ್ತಿದೆ. ಗಲ್ಲದವರೆಗೆ ಬಂದು ಅದು ತಪ್ಪನೆ ಕೆಳಗೆ ಬಿತ್ತು. ಕಿವಿ ಮುಟ್ಟಲಿಲ್ಲ. ಮುಟ್ಟದೆಯೇ ನಾನು ಹೊಸ್ತಿಲು ದಾಟಿ ಒಳಗೆ ಹೋಗಿ ತಿರುಗಿ ನಿಂತೆ.

ಅವಳು ನನ್ನ ಕೈ ನೋಡಿದಳು, ಬಾಗಿಲು ನೋಡಿದಳು. ಆಮೇಲೆ ಕಿವಿ ಬಿಟ್ಟು, ಒಂದೇ ಓಟಕ್ಕೆ ಒಳಗೆ ಬಂದಳು.