ಕವರ್ ದೊಡ್ಡಮ್ಮನ ಮೇಜು

ಬಂಧುಬಳಗದಲ್ಲೆಲ್ಲ ನಮ್ಮ ದೊಡ್ಡಮ್ಮನಿಗೆ ಕವರ್ ದೊಡ್ಡಮ್ಮ ಎಂದೇ ಹೆಸರು. ಅವಳ ಮನೆಯಲ್ಲಿ ಬರಿಮೈಯಲ್ಲಿ ನಿಂತ ವಸ್ತು ಎಂದರೆ ಬಚ್ಚಲ ನಲ್ಲಿಯೊಂದೇ ಇರಬೇಕು. ಮೇಜಿಗೆ ಕವರು, ಕುರ್ಚಿಯ ಬೆನ್ನಿಗೆ ಕವರು, ರೇಡಿಯೋಗೆ ಕವರು, ಫ್ರಿಜ್ಜಿಗೊಂದು, ಫ್ರಿಜ್ಜಿನ ಹಿಡಿಗೆ ಬೇರೆಯದೇ ಇನ್ನೊಂದು. ರಿಮೋಟಿಗೆ ಅಂಗಿ, ನೀರಿನ ಜಗ್ಗಿಗೆ ಅಂಚಿನಲ್ಲಿ ಮಣಿ ಪೋಣಿಸಿದ ಟೋಪಿ. ಎಲ್ಲವೂ ಅವಳೇ ಕ್ರೋಶಾ ಕಡ್ಡಿ ಹಿಡಿದು ಹೆಣೆದದ್ದು. ಕವರಿನ ಮೇಲೆ ಪ್ಲಾಸ್ಟಿಕ್ ಗುಲಾಬಿ, ಗಾಜಿನ ಹಂಸ, ತಲೆಯಾಡಿಸುವ ಮುದುಕನ ಗೊಂಬೆ. ಆ ಗೊಂಬೆಗಳಿಗೂ ಅಡಿಯಲ್ಲಿ ಒಂದೊಂದು ದುಂಡನೆಯ ಹಾಸು. "ನಾನಂತೂ ಒಂದೇ ಕಡೆ ಜಾಸ್ತಿ ಹೊತ್ತು ಕೂರಲ್ಲಪ್ಪ," ಎನ್ನುತ್ತಿದ್ದ ದೊಡ್ಡಪ್ಪ, "ಕೂತ್ರೆ ನನಗೂ ಒಂದು ಹೆಣೆದುಬಿಡ್ತಾಳೆ."

ಅಮ್ಮ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದಳು. ಶಾಲೆಗೆ ರಜೆ ಬಂತೆಂದರೆ ನನ್ನನ್ನು ದೊಡ್ಡಮ್ಮನ ಮನೆಗೆ ಸಾಗಹಾಕುತ್ತಿದ್ದಳು. ಮಕ್ಕಳಿಲ್ಲದ ದೊಡ್ಡಮ್ಮ ನನ್ನನ್ನು ಅಂಗೈ ಮೇಲಿಟ್ಟುಕೊಂಡು ನೋಡಿಕೊಂಡಳು. ಆ ಮನೆಯಲ್ಲಿ ನನಗಿದ್ದದ್ದು ಒಂದೇ ಚಟ: ಕವರಿನ ಕೆಳಗೆ ಏನಿದೆ ಎಂದು ಇಣುಕುವುದು. ಅಂಚು ಎತ್ತಿದರೆ ಒಳಗೆ ಇನ್ನೊಂದು ಬಟ್ಟೆ. ಅದನ್ನು ಎತ್ತುವಷ್ಟರಲ್ಲಿ ಅಡುಗೆಮನೆಯಿಂದ ಕೂಗು ಬರುತ್ತಿತ್ತು. "ಏಯ್ ಪುಟ್ಟಿ, ಕೈ ತೆಗಿ! ಗೀರಪ್ಪ ಬರ್ತಾನೆ ನೋಡು!"

ಗೀರಪ್ಪ ಗುಮ್ಮನಲ್ಲ, ನಿಜವಾದ ಮನುಷ್ಯ. ದೊಡ್ಡಪ್ಪ ಒಂದು ಕಂಪನಿಯಲ್ಲಿ ಪಂಪ್ ಆಪರೇಟರ್. ಕಂಪನಿ ಎಲ್ಲೆಲ್ಲಿ ನೆಲ ಅಗೆಯುತ್ತಿತ್ತೋ ಅಲ್ಲೆಲ್ಲ ನೀರು ನಿಲ್ಲುತ್ತಿತ್ತು, ನೀರು ನಿಂತಲ್ಲಿಗೆಲ್ಲ ದೊಡ್ಡಪ್ಪನಿಗೆ ವರ್ಗವಾಗುತ್ತಿತ್ತು. ಹೋದಲ್ಲೆಲ್ಲ ಕಂಪನಿಯ ಕ್ವಾರ್ಟರ್ಸು, ಒಳಗೆ ಕಂಪನಿಯದೇ ಮಂಚ, ಮೇಜು, ಕುರ್ಚಿ, ಬೀರು. ಪ್ರತಿಯೊಂದರ ತಳದಲ್ಲೂ ಬಿಳಿ ಬಣ್ಣದಲ್ಲಿ ಬರೆದ ನಂಬರು. ಮನೆ ಬಿಡುವ ದಿನ ಸ್ಟೋರ್ ಕೀಪರ್ ಬಂದು ಎಲ್ಲವನ್ನೂ ತಿರುಗಿಸಿ ನೋಡುತ್ತಿದ್ದ. ಗೀರು ಕಂಡರೆ ಸಂಬಳದಲ್ಲಿ ಹಿಡಿಯುತ್ತಿದ್ದರು. ಊರು ಬದಲಾದಂತೆ ಸ್ಟೋರ್ ಕೀಪರೂ ಬೇರೆಯಾಗುತ್ತಿದ್ದ, ಆದರೆ ಕ್ವಾರ್ಟರ್ಸಿನ ಹೆಂಗಸರು ಅವರಷ್ಟೂ ಜನಕ್ಕೆ ಇಟ್ಟ ಹೆಸರು ಒಂದೇ, ಗೀರಪ್ಪ.

ಕವರಿನ ಕಥೆ ಶುರುವಾದದ್ದು ಮೊದಲನೆಯ ಗೀರಪ್ಪನಿಂದ. ದೊಡ್ಡಮ್ಮ ಆಗ ಹೊಸ ಮದುವಣಗಿತ್ತಿ, ಎಳೆ ಹುಡುಗಿ. ಬಿಸಿ ಲೋಟ ಇಟ್ಟ ಜಾಗದಲ್ಲಿ ಮೇಜಿನ ಮೇಲೆ ಬಿಳಿಯ ಉಂಗುರದಂಥ ಕಲೆ ಎದ್ದಿತ್ತು. ಆತ ಅದರ ಸುತ್ತ ನಿಧಾನಕ್ಕೆ ಬೆರಳಾಡಿಸಿ, ಅಕ್ಕಪಕ್ಕದವರೆಲ್ಲ ಬಾಗಿಲಲ್ಲಿ ನಿಂತಿರುವಾಗಲೇ, "ಯಾಕಮ್ಮಾ, ಇನ್ನೊಬ್ಬರ ಸಾಮಾನು ಹೇಗೆ ಇಟ್ಕೋಬೇಕು ಅಂತ ತಾಯಿ ಮನೇಲಿ ಹೇಳ್ಕೊಟ್ಟಿಲ್ವಾ?" ಎಂದು ಕೇಳಿದನಂತೆ. ದೊಡ್ಡಮ್ಮ ಇದನ್ನು ನನಗೆ ಎಷ್ಟು ಸಲ ಹೇಳಿದ್ದಾಳೋ! ಪ್ರತಿ ಸಲವೂ ಆ ಬೆರಳು ಸುತ್ತಿದ್ದನ್ನು ಗಾಳಿಯಲ್ಲಿ ಮಾಡಿ ತೋರಿಸುತ್ತಿದ್ದಳು. ಅಲ್ಲಿಂದ ಮುಂದೆ ಯಾವ ಗೀರಪ್ಪನಿಗೂ ಅವಳ ಮನೆಯಲ್ಲಿ ಬೆರಳಾಡಿಸಲು ಜಾಗ ಸಿಗಲಿಲ್ಲ.

ಹೊಸ ಊರಿಗೆ ಹೋದ ದಿನ ಅವಳು ಒಲೆ ಹಚ್ಚುವುದಕ್ಕಿಂತ ಮೊದಲು ಕವರಿನ ಟ್ರಂಕು ತೆರೆಯುತ್ತಿದ್ದಳು. ಹಾಸಿ, ಕಟ್ಟಿ, ಹಂಸವನ್ನು ಕೂರಿಸಿದರೆ ಮುಗಿಯಿತು, ಅದು ಅವಳ ಮನೆ. ನನಗೆ ಪ್ರತಿ ರಜೆಗೂ ಊರು ಬೇರೆ, ಮನೆ ಮಾತ್ರ ಅದೇ. ದೊಡ್ಡಪ್ಪ ನಿವೃತ್ತನಾದಾಗ ಕಂಪನಿಯವರು ಹಳೆಯ ಸಾಮಾನುಗಳನ್ನು ಅಗ್ಗಕ್ಕೆ ಮಾರಿದರು. ಕೊನೆಯ ಕ್ವಾರ್ಟರ್ಸಿನಲ್ಲಿ ಬಹಳ ವರ್ಷ ಬಳಸಿದ ಮೇಜು ಕುರ್ಚಿಗಳನ್ನೇ ಅವನು ಕೊಂಡುಕೊಂಡು ತನ್ನ ಸ್ವಂತದ ಪುಟ್ಟ ಮನೆಗೆ ತಂದ. "ಇನ್ನು ಬಿಚ್ಚೇ ಇವನ್ನೆಲ್ಲ. ಎಲ್ಲ ನಮ್ದೇ ಈಗ," ಎಂದ. "ಗೊತ್ತು ರೀ," ಎಂದಳು ದೊಡ್ಡಮ್ಮ, ಮೇಜಿನ ಕವರಿನ ದಾರಕ್ಕೆ ಇನ್ನೊಂದು ಗಂಟು ಬಿಗಿಯುತ್ತಾ.

ನನ್ನ ಸ್ವಭಾವ ಪೂರ್ತಿ ಉಲ್ಟಾ. ನನ್ನ ಕೆಲಸ ಚಪ್ಪಲಿ ಕಂಪನಿಯ ಗೋದಾಮಿನಲ್ಲಿ. ಬೆಳಗಿನಿಂದ ಸಂಜೆಯವರೆಗೆ ಸೂರು ಮುಟ್ಟುವ ರಟ್ಟಿನ ಡಬ್ಬಿಗಳ ನಡುವೆ ಓಡಾಡುತ್ತೇನೆ. ಮನೆಗೆ ಬಂದರೆ ಕಣ್ಣಿಗೆ ಏನೂ ಬೀಳಬಾರದು, ಖಾಲಿ ಗೋಡೆ ಬೇಕು. ನನ್ನ ಗಂಡನೂ ಮೊಬೈಲಿನಲ್ಲಿ ಮಿನಿಮಲಿಸಂ ವಿಡಿಯೋ ನೋಡಿ ನೋಡಿ, ಮನೆ ಖಾಲಿಯಾದಷ್ಟೂ ಮನಸ್ಸು ಹಗುರ ಎಂದು ನಂಬಿದ ಗಿರಾಕಿ. ಮದುವೆಗೆ ಬಂದ ಹಡಗಿನಾಕಾರದ ಗಡಿಯಾರ, ದೀಪ ಹಿಡಿದ ಹುಡುಗಿ, ಜೋಡಿ ಪಾರಿವಾಳ ಎಲ್ಲವನ್ನೂ ಕೇಳಿದವರಿಗೆ ದಾಟಿಸಿದೆವು. ಹೊಸದಾಗಿ ಕೊಂಡ ಮನೆಯ ಹಾಲಿನಲ್ಲಿ ಉಳಿದದ್ದು ಒಂದು ಮರದ ಮೇಜು, ನಾಲ್ಕು ಕುರ್ಚಿ, ಒಂದು ಕಿಟಕಿ. ಆ ಖಾಲಿ ಜಾಗವನ್ನು ನಾನು ಎಷ್ಟು ಪ್ರೀತಿಸುತ್ತೇನೆಂದರೆ, ಕೆಲವೊಮ್ಮೆ ಸುಮ್ಮನೆ ಬಾಗಿಲಲ್ಲಿ ನಿಂತು ನೋಡುತ್ತೇನೆ.

ಅಷ್ಟರಲ್ಲಿ ದೊಡ್ಡಮ್ಮನ ಫೋನು ಬಂತು. "ಭಾನುವಾರ ನಿನ್ನ ಮನೆ ನೋಡೋಕೆ ಬರ್ತೀವಿ ಕಣೇ. ಮೇಜು ಎಷ್ಟು ಉದ್ದ ಇದೆ?"

ಒಂದು ಕವರು ಒಳಗೆ ಬಂದರೆ ಸಾಕು, ಅದರ ಮೇಲೆ ಹಂಸ ಬರುತ್ತದೆ, ಹಂಸದ ಹಿಂದೆ ಅದರ ಸಂಸಾರವೇ ಬರುತ್ತದೆ. ಬೇಡ ಎಂದರೆ, ಹಗಲು ರಾತ್ರಿ ಕಣ್ಣು ನೋಯಿಸಿಕೊಂಡು ಹೆಣೆಯುವವಳ ಮುಖ ಹೇಗೆ ನೋಡಲಿ? "ಹಾವೂ ಸಾಯಬಾರದು, ಕೋಲೂ ಮುರೀಬಾರದು ಅಂದ್ರೆ ಹೇಗೆ?" ಎಂದು ಗಂಡ ನಕ್ಕ. "ಕಡ್ಡಿ ಮುರಿದ ಹಾಗೆ ಹೇಳಿಬಿಡು." ಹೇಳುವವಳು ನಾನಾದ್ದರಿಂದ ಅವನಿಗೆ ಅದು ಸುಲಭವಾಗಿತ್ತು.

ಭಾನುವಾರ ಇಬ್ಬರೂ ಬಂದರು. ದೊಡ್ಡಮ್ಮನ ಕೈಯಲ್ಲಿ ಉಬ್ಬಿದ ಬಟ್ಟೆಯ ಚೀಲ. ದೊಡ್ಡಪ್ಪ ಸೀದಾ ಹೋಗಿ ಕುರ್ಚಿಯಲ್ಲಿ ಕೂತು, ಅದರ ತೋಳನ್ನು ಸವರಿ, "ಆಹಾ, ಮರ!" ಎಂದ, ಬಹಳ ದಿನದ ಮೇಲೆ ಹಳೇ ಗೆಳೆಯ ಸಿಕ್ಕವನ ಹಾಗೆ. ದೊಡ್ಡಮ್ಮ ಕೂರಲಿಲ್ಲ. ಗೋಡೆಯ ಪಕ್ಕದಲ್ಲೇ ನಿಧಾನಕ್ಕೆ ಒಂದು ಸುತ್ತು ಹಾಕಿದಳು. ಮುಖದಲ್ಲಿ ಬೇಸರವಿಲ್ಲ, ಮೆಚ್ಚುಗೆಯೂ ಇಲ್ಲ. ಹೊಸ ಊರಿನ ಬಸ್ ಸ್ಟ್ಯಾಂಡಿನಲ್ಲಿ ಇಳಿದವರು ಯಾವ ಕಡೆ ಹೋಗಬೇಕೆಂದು ನೋಡುವ ಹಾಗಿತ್ತು. ಆಮೇಲೆ ಸೆರಗು ಸಿಕ್ಕಿಸಿಕೊಂಡು, ಮಂಡಿಯೂರಿ, ಮೇಜಿನ ಕೆಳಗೆ ತಲೆ ಹಾಕಿದಳು.

"ಏನಾದ್ರೂ ಬಿತ್ತಾ ದೊಡ್ಡಮ್ಮ?" ಎಂದು ನನ್ನ ಗಂಡ ಗಾಬರಿಯಾದ.

"ನಂಬರ್ರೇ ಇಲ್ವಲ್ಲೇ ಪುಟ್ಟಿ ಇದಕ್ಕೆ!" ಎಂದಳು ಕೆಳಗಿನಿಂದಲೇ.

"ನಮ್ದೇ ಮೇಜು ದೊಡ್ಡಮ್ಮ. ಯಾರು ಹಾಕ್ತಾರೆ ನಂಬರು?"

ಅವಳು ಎದ್ದು ಬಂದು, ಕುರ್ಚಿಯಲ್ಲಿ ಕೂತು, ಮೇಜಿನ ಮೇಲೆ ಎರಡೂ ಅಂಗೈ ಊರಿದಳು. ನಾನು ಚಹಾ ತಂದೆ. ಅವಳು ಲೋಟ ಕೆಳಗಿಡುವುದೇ ತಡ, ನನ್ನ ಗಂಡ ಜಿಗಿದು ಬಂದು ಅದರಡಿಗೆ ಕಾರ್ಕಿನ ಬಿಲ್ಲೆಯೊಂದನ್ನು ತೂರಿಸಿದ. ದೊಡ್ಡಮ್ಮ ಬಿಲ್ಲೆಯನ್ನು ಎತ್ತಿ ತಿರುಗಿಸಿ ನೋಡಿದಳು.

"ಇದೇನಪ್ಪಾ?"

"ಬಿಸಿಗೆ ಮರದ ಮೇಲೆ ಕಲೆ ಆಗತ್ತಲ್ಲ ದೊಡ್ಡಮ್ಮ, ಅದಕ್ಕೆ."

"ಕಲೆ ಆದ್ರೆ ಯಾರು ಬೈತಾರೆ? ಇಲ್ಲೂ ಯಾರಾದ್ರೂ ನೋಡೋಕೆ ಬರ್ತಾರಾ?"

ಕುಟುಕುವುದಕ್ಕೆ ಕೇಳಿದ್ದಲ್ಲ ಅದು. ಅವಳಿಗೆ ನಿಜವಾಗಿಯೂ ತಿಳಿಯಬೇಕಾಗಿತ್ತು. ನನ್ನ ಗಂಡ ನನ್ನ ಮುಖ ನೋಡಿದ. ನಾನು ಮೇಜನ್ನು ನೋಡಿದೆ. ಹಿಂದಿನ ವಾರವಷ್ಟೇ ಅದರ ಮೂಲೆಯಲ್ಲಿ ಕಂಡ ಕೂದಲೆಳೆಯಷ್ಟು ಗೀರಿಗೆ ನಾವಿಬ್ಬರೂ ಒಂದು ಸಂಜೆಯಿಡೀ ಮಾತು ಬಿಟ್ಟಿದ್ದೆವು.

"ಯಾರೂ ಬರಲ್ಲ," ಎಂದೆ.

"ಬರೋದೇನು, ಒಳಗೇ ಇದಾರೆ," ಎಂದ ದೊಡ್ಡಪ್ಪ. "ಇವನಿಗೆ ಇವಳು ಗೀರಪ್ಪ, ಇವಳಿಗೆ ಇವನು ಗೀರಪ್ಪ." ಎಲ್ಲರೂ ನಕ್ಕೆವು, ದೊಡ್ಡಮ್ಮನೊಬ್ಬಳನ್ನು ಬಿಟ್ಟು. ಅವಳು ಕಾರ್ಕಿನ ಬಿಲ್ಲೆಯನ್ನು ಬೆರಳುಗಳ ನಡುವೆ ಹೊರಳಿಸುತ್ತಲೇ ಕೂತಿದ್ದಳು.

ಚೀಲವನ್ನು ಬಿಚ್ಚಲೇ ಇಲ್ಲ. ಹೊರಡುವಾಗ ಬಾಗಿಲಲ್ಲಿ ನಾನೇ ತಡೆಯಲಾರದೆ ಕೇಳಿದೆ. "ಚೀಲದಲ್ಲಿ ಏನು ದೊಡ್ಡಮ್ಮ?" "ಏನೂ ಇಲ್ಲ ಬಿಡೇ," ಎಂದು ಅದನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಮೆಟ್ಟಿಲಿಳಿದಳು. ನನ್ನ ಖಾಲಿ ಹಾಲ್ ಖಾಲಿಯಾಗಿಯೇ ಉಳಿಯಿತು. ಆದರೆ ಆ ರಾತ್ರಿ ಅವಳ ಮನಸ್ಸು ನೋಯಿಸಿದೆನೆಂದು ಅತ್ತುಬಿಟ್ಟೆ.

ಕೆಲವು ದಿನ ಬಿಟ್ಟು ಮತ್ತೆ ಫೋನು ಬಂತು. ಪಿಸುದನಿ. "ಪುಟ್ಟಿ, ನಿಮ್ಮ ಕಡೆ ಅಂಗಡೀಲಿ ಸ್ಯಾಂಡ್ ಪೇಪರ್ ಸಿಗತ್ತಾ? ತಗೊಂಡು ಬಾ. ದೊಡ್ಡಪ್ಪನಿಗೆ ಹೇಳಬೇಡ."

ನಾನು ಹೋದಾಗ ದೊಡ್ಡಪ್ಪ ವಾಕಿಂಗಿಗೆ ಹೋಗಿದ್ದ. ದೊಡ್ಡಮ್ಮ ಬಾಗಿಲ ಚಿಲಕ ಹಾಕಿಕೊಂಡು ಬಂದು ಹಂಸವನ್ನು ಎತ್ತಿ ಕಿಟಕಿಯಲ್ಲಿಟ್ಟಳು. ಮೇಜಿನ ಕವರಿನ ಗಂಟು ಎಷ್ಟು ಬಿಗಿದಿತ್ತೆಂದರೆ ಹಲ್ಲಿನಿಂದ ಬಿಡಿಸಬೇಕಾಯಿತು. ಅದರಡಿ ಇನ್ನೊಂದು ಕವರು, ಅದರಡಿ ಹಳೆಯ ಬೆಡ್‌ಶೀಟಿನ ತುಂಡು, ಅದರಡಿ ಮೇಜಿಗೇ ಅಂಟಿಕೊಂಡ ಪ್ಲಾಸ್ಟಿಕ್ ಹಾಳೆ. ಬಾಲ್ಯದಲ್ಲಿ ನಾನು ಇಣುಕಲಾಗದೆ ಹೋದ ಜಾಗಕ್ಕೆ ಕಡೆಗೂ ಬಂದಿದ್ದೆ. ಹಾಳೆಯನ್ನು ಇಬ್ಬರೂ ಎರಡು ಕಡೆಯಿಂದ ಹಿಡಿದು ನಿಧಾನಕ್ಕೆ ಸುಲಿದೆವು.

ಕೆಳಗಿದ್ದದ್ದು ಜೇನುತುಪ್ಪದ ಬಣ್ಣದ ಮರ. ಅಲೆ ಅಲೆಯಾದ ಗೆರೆಗಳು. ಒಂದು ಗೀರಿಲ್ಲ, ಒಂದು ಚುಕ್ಕೆಯಿಲ್ಲ, ನಿನ್ನೆ ಬಡಗಿ ಕೈಯಿಂದ ಇಳಿದಂತಿತ್ತು. ದೊಡ್ಡಮ್ಮನೂ ಇದನ್ನು ಮರೆತೇ ಬಿಟ್ಟಿದ್ದಳು.

ಮೇಜನ್ನು ಮಗುಚಿ ಹಾಕಿದೆವು. ತಳದಲ್ಲಿ ಬಿಳಿಯ ನಂಬರು ಹಾಗೇ ಇತ್ತು. ನಾನು ಕೈ ಹಾಕಲು ಹೋದರೆ, "ನೀನು ಬೇಡ, ನಾನೇ," ಎಂದಳು. ಕ್ರೋಶಾ ಕಡ್ಡಿ ಹಿಡಿದು ಗೂನಾದ ಬೆರಳುಗಳಲ್ಲಿ ಸ್ಯಾಂಡ್ ಪೇಪರ್ ಒತ್ತಿ ಹಿಡಿದು ಉಜ್ಜತೊಡಗಿದಳು. ಹಟಮಾರಿ ಬಣ್ಣ, ಬೇಗ ಹೋಗಲಿಲ್ಲ. ಅರ್ಧ ಅಳಿಸಿದ ಮೇಲೆ ಕೈ ನಿಲ್ಲಿಸಿದಳು.

"ಯಾರಿಗೋಸ್ಕರ ಕಾಪಾಡಿದ್ನೇ ಇದನ್ನ? ಆ ಗೀರಪ್ಪ ಸತ್ತೇ ಹೋಗಿರ್ಬೇಕು ಈಗ. ಇಷ್ಟು ಚೆನ್ನಾಗಿರೋ ಮೇಜು, ನಾವಿಬ್ರೂ ಒಂದಿನ ಕಣ್ತುಂಬ ನೋಡ್ಲಿಲ್ಲ."

ಅವಳ ಕಣ್ಣು ತುಂಬಿತು. ನನ್ನದೂ. ಮೂಗು ಒರೆಸಿಕೊಂಡು ಮತ್ತೆ ಉಜ್ಜಿದಳು, ಕೊನೆಯ ಅಂಕಿ ಹೋಗುವ ತನಕ.

ಮೇಜನ್ನು ನೆಟ್ಟಗೆ ನಿಲ್ಲಿಸಿದ ಮೇಲೆ ನಾನು ಹುರುಪಿನಿಂದ ಫ್ರಿಜ್ಜಿನ ಕವರಿಗೂ ಕೈ ಹಾಕಿದೆ. ಕೈ ಮೇಲೆ ಒಂದು ಏಟು ಬಿತ್ತು. "ಅದನ್ನ ಮುಟ್ಟಬೇಡ. ಅದು ನಂಗೆ ಇಷ್ಟ." ಹುಟ್ಟುಗುಣ ಸುಟ್ಟರೂ ಹೋಗದು ಎಂದುಕೊಂಡೆ. ಮೂಲೆಯಲ್ಲಿ ಅಂದಿನ ಚೀಲ ಹಾಗೇ ಇತ್ತು. ಕೇಳಿದೆ: "ಅದನ್ನ ನಂಗೆ ಕೊಡಲ್ವಾ?"

"ಯಾಕೆ, ನಿನ್ನ ಖಾಲಿ ಮನೆಗೆ?"

"ಮೇಜಿಗಲ್ಲ ದೊಡ್ಡಮ್ಮ. ಚಳಿಗೆ ಹೊದ್ಕೊಳ್ಳೋಕೆ."

"ಅಳತೆ ಮೇಜಿಂದು ಕಣೇ. ಚಿಕ್ಕದಾಗತ್ತೆ," ಎನ್ನುತ್ತಲೇ ಅದನ್ನು ತೆಗೆದು ನನ್ನ ಹೆಗಲಿಗೆ ಹೊದಿಸಿ, ಎರಡು ಹೆಜ್ಜೆ ಹಿಂದೆ ಸರಿದು ನೋಡಿದಳು. ಚಿಕ್ಕದಾಗಿರಲಿಲ್ಲ.

ಬಾಗಿಲು ಬಡಿದ ಸದ್ದಾಯಿತು, ನಾನು ಚಿಲಕ ತೆಗೆದೆ. ದೊಡ್ಡಪ್ಪ ಒಳಗೆ ಬಂದವನು ಚಪ್ಪಲಿ ಬಿಡುವುದನ್ನೂ ಮರೆತು ನಿಂತ. "ಇದು ಯಾರ ಮನೆ ಮೇಜು?"

"ನಮ್ದೇ. ಕೂತ್ಕೊಳಿ, ಚಹಾ ತರ್ತೀನಿ," ಎಂದು ದೊಡ್ಡಮ್ಮ ಒಳಗೆ ಹೋದಳು.

ಅವನು ಮದುವೆಮನೆಯಲ್ಲಿ ಗುರುತಿಲ್ಲದವರ ಪಕ್ಕ ಕೂತಂತೆ ಸಂಕೋಚದಿಂದ ಕೂತ. ಹಬೆಯಾಡುವ ಲೋಟ ಕೈಗೆ ಬಂತು. ಒಂದು ಗುಟುಕು ಕುಡಿದು, ಕೆಳಗಿಡಲು ಹೋದವನು ಅಭ್ಯಾಸಬಲದಿಂದ ಬಟ್ಟೆ ಹುಡುಕಿದ. ಸಿಗಲಿಲ್ಲ. ಬೆರಳು ಸುಡುತ್ತಿದ್ದರೂ ಲೋಟವನ್ನು ಗಾಳಿಯಲ್ಲೇ ಹಿಡಿದುಕೊಂಡು ಹೆಂಡತಿಯ ಮುಖ ನೋಡಿದ.

"ಇಡ್ರೀ."

"ಕಲೆ ಆಗತ್ತೆ ಕಣೇ."

"ಆಗ್ಲಿ, ಇಡಿ."

ಇಟ್ಟ. ಚಹಾ ಮುಗಿದು ಅವನು ಲೋಟ ಎತ್ತಿದಾಗ ಜೇನುಬಣ್ಣದ ಮರದ ಮೇಲೆ ಮಸುಕಾಗಿ, ದುಂಡಗೆ, ಬಿಳಿಯ ಕಲೆ ಎದ್ದಿತ್ತು. ದೊಡ್ಡಮ್ಮ ಬಗ್ಗಿ ಅದರ ಸುತ್ತ ನಿಧಾನಕ್ಕೆ ಬೆರಳಾಡಿಸಿದಳು, ನನಗೆ ಎಷ್ಟೋ ಸಲ ಗಾಳಿಯಲ್ಲಿ ಮಾಡಿ ತೋರಿಸಿದ್ದಳಲ್ಲ, ಥೇಟ್ ಹಾಗೆಯೇ. ಆಮೇಲೆ ಗಂಡನ ಕಡೆ ತಿರುಗಿದಳು.

"ಇನ್ನೊಂದು ಲೋಟ ಕುಡೀತೀರಾ?"