ಕಂಪನಿ ಕೊಡಲಿಲ್ಲ

ಒಂಬತ್ತನೆಯ ತರಗತಿಗೇ ಶಾಲೆ ಬಿಟ್ಟವನು ನಾನು. ಬೆಟಗೇರಿಯಲ್ಲಿ ಗೇಟು, ಕಿಟಕಿಗಳ ವೆಲ್ಡಿಂಗ್ ಮಾಡುತ್ತಲೇ ಸ್ವಂತ ಅಂಗಡಿ ಇಟ್ಟೆ. ಇದನ್ನು ತಲೆ ತಗ್ಗಿಸಿ ಹೇಳುವ ಅಭ್ಯಾಸ ನನಗಿಲ್ಲ.

ಆಗ ನಾನು ಪ್ರೀತಿಸುತ್ತಿದ್ದ ಹುಡುಗಿ ಶಿರಹಟ್ಟಿ ಕಡೆಯವಳು, ಗದುಗಿನಲ್ಲಿ ಬಿ.ಕಾಂ. ಓದುತ್ತಿದ್ದಳು. ಗೆಳತಿಯ ಹುಟ್ಟುಹಬ್ಬಕ್ಕೆಂದು ಒಂದು ಮಧ್ಯಾಹ್ನ ಲಕ್ಷ್ಮೇಶ್ವರ ರಸ್ತೆಯ ಧಾಬಾಕ್ಕೆ ನನ್ನನ್ನೂ ಕರೆದೊಯ್ದಳು. ಕಾಲೇಜಿನ ಗುಂಪಿಗೆ ನನ್ನನ್ನು ತೋರಿಸಿದ್ದು ಅದೇ ಮೊದಲು.

ಮಿರ್ಚಿ ಭಜಿಗಿಂತ ಮೊದಲೇ ಬಿಯರ್ ಬಂತು. ಮುಂಡರಗಿಯ ಹುಡುಗನೊಬ್ಬ ಪ್ರತಿ ಸಲವೂ ತನ್ನ ಹುಡುಗಿಯ ಮುಖ ನೋಡಿಯೇ ಸುರಿದುಕೊಳ್ಳುತ್ತಿದ್ದ; ಅವಳು ಹುಬ್ಬು ಗಂಟಿಕ್ಕಿದರೆ ಅರ್ಧಕ್ಕೇ ನಿಲ್ಲಿಸುತ್ತಿದ್ದ. ತನ್ನ ಹುಡುಗಿ ಬಿಟ್ಟುಹೋದ ದುಃಖಕ್ಕೆ ಇನ್ನೊಬ್ಬ ಬಾಟಲಿಯನ್ನೇ ಎತ್ತುತ್ತಿದ್ದ. ಬಾಯಿ ಇವರದು, ಬಾಯಾರಿಕೆ ಮಾತ್ರ ಮತ್ತೊಬ್ಬರದು.

“ಮಾವಾ, ಒಂಚೂರು ಕಂಪನಿ ಕೊಡ್ರಿ,” ಎಂದು ಮುಂಡರಗಿಯವನು ನನ್ನತ್ತ ಗ್ಲಾಸು ಸರಿಸಿದ. ತಮ್ಮ ಗುಂಪಿನ ಹುಡುಗಿ ಒಲಿದವನನ್ನು ಅವರು ಹಾಗೆಯೇ ಕರೆಯುವುದು.

“ನಂದಿರೂದು ತಗಡಿನ ಅಂಗಡಿ. ಕಂಪನಿ ಎಲ್ಲಿಂದ ತಂದು ಕೊಡ್ಲೆಪಾ?” ಎಂದೆ.

ಎಲ್ಲರೂ ನಕ್ಕರು. ಅವನು ಬಿಡಲಿಲ್ಲ. “ಒಂದ ಗ್ಲಾಸಿಗೆ ಅಂಜತೀರಿ, ನಮ್ಮ ಹುಡುಗಿನ್ನ ಹೆಂಗ ಸಂಬಾಳಸ್ತೀರಿ?”

ನನ್ನವಳು ಕಿವಿಯ ಹತ್ತಿರ ಬಾಗಿದಳು. “ಮಂದಿ ಮುಂದ ನನ್ನ ಮರ್ಯಾದಿ ಕಳೀಬ್ಯಾಡ. ನನ್ನ ಸಲುವಾಗಿ ಒಂದ ಗುಟುಕು. ಇಲ್ಲಾಂದ್ರ ನಿನ್ನ ಅಂಗಡಿ ಕಡೆ ಮತ್ತ ಬರಂಗಿಲ್ಲ ನೋಡು.”

ಅವಳೆದುರಿನ ಗ್ಲಾಸನ್ನು ಅವಳೂ ಮುಟ್ಟಿರಲಿಲ್ಲ. ನೊರೆ ಇಳಿದುಹೋಗಿತ್ತು.

“ಇವತ್ತ ನಿನ್ನ ಸಲುವಾಗಿ ಕುಡುದ್ರ, ನಾಳೆ ನಿನ್ನ ಮ್ಯಾಲ ಸಿಟ್ಟು ಬಂದಾಗ ಯಾರ ಸಲುವಾಗಿ ಬಿಡ್ಲಿ?” ಎಂದೆ, ಎಲ್ಲರಿಗೂ ಕೇಳುವ ಹಾಗೆಯೇ.

ಅವಳು ನನ್ನನ್ನೇ ದಿಟ್ಟಿಸುತ್ತ ತನ್ನ ಗ್ಲಾಸು ಎತ್ತಿ ಒಂದೇ ಉಸಿರಿಗೆ ಕುಡಿದಳು. ಕೆಮ್ಮು ಹತ್ತಿ ಕಣ್ಣಲ್ಲಿ ನೀರು ಬಂತು. ಯಾರೂ ನಗಲಿಲ್ಲ.

ನಾನು ಎದ್ದೆ. “ಬರ್ತೀಯೇನು?” ಎಂದು ಕೇಳಿದೆ. ಅವಳು ಮುಖ ತಿರುಗಿಸಿದಳು. ಒಬ್ಬನೇ ಬೈಕ್ ಹತ್ತಿ ಬಂದು, ಅರ್ಧಕ್ಕೆ ಬಿಟ್ಟಿದ್ದ ಗೇಟು ಮುಗಿಸಿದೆ.

ಹೇಳಿದಂತೆಯೇ ಅವಳು ಮತ್ತೆ ಅಂಗಡಿ ಕಡೆ ಬರಲಿಲ್ಲ. ಒಂದು ಗುಟುಕಿಗೆ ಹುಡುಗಿಯನ್ನು ಕಳೆದುಕೊಂಡ ಹುಂಬ ಎಂದು ಗೆಳೆಯರು ಇಂದಿಗೂ ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ನೀನು ಹಟ ಹಿಡಿದದ್ದಕ್ಕೇ ಅವಳು ಕುಡಿದಳು ಎಂದೂ ಒಬ್ಬ ಹೇಳಿದ. ಇರಬಹುದು, ಅವಳು ಕುಡಿದದ್ದು ನನ್ನ ಮೇಲಿನ ಸಿಟ್ಟಿಗೇ. ಆದರೆ ಆ ಭಾರ ನಾನು ಹೊರುವುದಿಲ್ಲ. ನನ್ನ ಗ್ಲಾಸನ್ನು ನಾನು ಮುಟ್ಟಲಿಲ್ಲ. ಅವಳದನ್ನು ಎತ್ತಿದ್ದು ಅವಳದೇ ಕೈ.