ದ್ರಾಕ್ಷಿ ಜಾಮ್ ಇನ್ನು ಬರುವುದಿಲ್ಲವಂತೆ

ಇದನ್ನು ಕೇಳಿ ಸ್ನೇಹಿತರೇ. ಕುಂದಾಣದ ನನ್ನ ಅಂಗಡಿಗೆ ಇವತ್ತು ಜಾಮ್ ಕಂಪನಿಯ ಸೇಲ್ಸ್‌ನವನು ಬಂದಿದ್ದ.

“ಅಕ್ಕಾ, ದ್ರಾಕ್ಷಿ ಜಾಮ್ ಇನ್ಮೇಲೆ ಬರಲ್ಲ. ಮೊದ್ಲು ಅನಾನಸ್ ನಿಂತೋಯ್ತು, ಆಮೇಲೆ ಮಾವು. ಈಗೇನಿದ್ರೂ ಮಿಕ್ಸೆಡ್ ಫ್ರೂಟೇ ಓಡೋದು.”

“ನಮ್ಮಂಗಡೀಲಿ ದ್ರಾಕ್ಷೀದು ತಿಂಗ್ಳು ತಿಂಗ್ಳೂ ಹೋಗ್ತೈತಲ್ಲಪ್ಪಾ?”

“ಅದೇ ಆಶ್ಚರ್ಯ! ಯಾರಕ್ಕಾ ತಗೊಳ್ಳೋದು?”

“ಯಾರೋ ಒಬ್ರು ತಗೊಳ್ತಾರಪ್ಪಾ” ಎಂದೆ. ಆ ಒಬ್ಬರು ನಾನೇ. ಯಜಮಾನರು ತೀರಿಕೊಂಡ ಮೇಲೆ ಒಬ್ಬಳಿಗೋಸ್ಕರ ಸಾರು ಮಾಡಲು ಮನಸ್ಸಾಗುವುದಿಲ್ಲ. ಅವರಿಗೆ ಇಷ್ಟವಾಗಿದ್ದ ಆ ಜಾಮನ್ನೇ ಚಪಾತಿಗೆ ಹಚ್ಚಿಕೊಂಡು ತಿನ್ನುತ್ತೇನೆ.

ಅವನು ಮಿಕ್ಸೆಡ್ ಫ್ರೂಟಿನ ಸಣ್ಣ ಬಾಟಲಿ ಕೊಟ್ಟು, “ಮನೇಲಿ ಎಲ್ರೂ ತಿಂದು ನೋಡಿ, ಹೆಂಗೈತೆ ಅಂತ ಫೋನ್ ಮಾಡಿ” ಎಂದು ಹೊರಟ.

ಮಧ್ಯಾಹ್ನ ತಿಂದು ನೋಡಿ ಫೋನ್ ಮಾಡಿದೆ. “ನಮ್ಮನೇಲಿ ಯಾರಿಗೂ ಹಿಡಿಸ್ಲಿಲ್ಲ ಕಣಪ್ಪಾ.”

ತೀರ್ಮಾನ ಸರ್ವಾನುಮತದ್ದು.